ಮೂರು ಕಿಲೋ ದಾರ

ಏಪ್ರಿಲ್ 8

ಅಕ್ಕನಿಗೆ,

ನನ್ನ ಅಕ್ಷರ ಗುರುತು ಹಿಡಿದು ಲಕೋಟೆಯನ್ನು ಒಡೆಯದೆಯೇ ಬಿಸಾಡಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಎರಡು ವರ್ಷ ಮಾತು ಬಿಟ್ಟವನು ಈಗ ಯಾಕೆ ವಕ್ಕರಿಸಿದ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಯ ಕಥೆ ಗೊತ್ತಲ್ಲ. ನಾನು ‘ಅಕ್ಕಾ’ ಎಂದು ಗಂಟಲು ಹರಿದುಕೊಂಡರೆ ನೀನು ‘ಇವತ್ತು ಹಾಲು ಬೇಡಪ್ಪಾ’ ಎಂದು ಇಟ್ಟುಬಿಡುತ್ತೀಯ.

ಗಾಳದ ದಾರ ಕೊಳ್ಳಬೇಕು. ಯಾವುದು ಕೊಳ್ಳಲಿ?

ನಗಬೇಡ. ನೀನು ಇಷ್ಟು ವರ್ಷ ಗಾಳ, ಕೋಲು, ದಾರ ಮಾರಿ ನನ್ನನ್ನು ಸಾಕಿದರೂ ನಾನು ಒಂದು ಸಲವೂ ನೀರಿಗೆ ಗಾಳ ಹಾಕಿದವನಲ್ಲ ಎಂದು ನನಗೂ ಗೊತ್ತು. ಇದು ನನಗಲ್ಲ, ಮಗಳಿಗೆ, ನಮ್ಮ ಕಡ್ಡಿಗೆ. ನೀನು ಅವಳನ್ನು ಕಂಡಾಗ ಅವಳಿಗೆ ಒಂಬತ್ತು. ಈಗ ಹನ್ನೊಂದು, ಇನ್ನೂ ಕಡ್ಡಿಯ ಹಾಗೇ ಇದ್ದಾಳೆ. ಶನಿವಾರ ಬೆಳಿಗ್ಗೆ ಅವಳಮ್ಮನ ಮನೆಯ ಗೇಟಿನಿಂದ ಕರೆದುಕೊಂಡು ಹೋಗಿ ಸಂಜೆ ಅದೇ ಗೇಟಿಗೆ ಬಿಡಬೇಕು. ಸದ್ಯಕ್ಕೆ ನ್ಯಾಯಾಲಯ ಹೇಳಿರುವುದು ಇಷ್ಟೇ. ಆಗಸ್ಟಿನಲ್ಲಿ ಅಲ್ಲಿನ ಸಮಾಲೋಚಕಿ ಮಗುವನ್ನೂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿ ವರದಿ ಕೊಡುತ್ತಾರೆ. ಶನಿವಾರ ಉಳಿಯುವುದೋ ಹೋಗುವುದೋ ಆಗ ತೀರ್ಮಾನ.

ಅಕ್ಕ, ಅವಳು ನನ್ನ ಜೊತೆ ಮಾತಾಡುವುದಿಲ್ಲ. ಪಾರ್ಕು, ಸಿನಿಮಾ, ಐಸ್‌ಕ್ರೀಮು ಎಲ್ಲ ಮುಗಿಸಿದೆ. ‘ಹೂಂ’, ‘ಉಹೂಂ’, ಇಷ್ಟೇ. ನನ್ನ ಕೋಣೆ ಎಲೆಕ್ಟ್ರಿಕಲ್ ಅಂಗಡಿಯ ಮೇಲಿದೆ, ಒಂದು ಮಂಚ, ಒಂದು ಕುರ್ಚಿ. ಅವಳು ಕುರ್ಚಿಯ ಮೇಲೆ ಕೂತು ತನ್ನ ಷೂ ನೋಡುತ್ತಾಳೆ, ನಾನು ಮಂಚದ ಮೇಲೆ ಕೂತು ಅವಳ ಷೂ ನೋಡುತ್ತೇನೆ. ಹೋದ ಶನಿವಾರ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಯಾರೋ ಮುದುಕರು ಗಾಳ ಹಾಕಿಕೊಂಡು ಕೂತಿದ್ದರು. ಇವಳು ನಿಂತಳು. ತುಂಬ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ, “ಮೀನು ಕಚ್ಚಿದ್ದು ಅವರಿಗೆ ಹೇಗಪ್ಪಾ ಗೊತ್ತಾಗುತ್ತೆ?” ಎಂದಳು. ತಿಂಗಳುಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ.

ಮರುದಿನವೇ ಅಂಗಡಿಗೆ ಹೋದೆ. ಗೋಡೆ ತುಂಬ ದಾರದ ಉಂಡೆಗಳು. ತಲೆ ಗಿರ್ರೆಂದು ಬರಿಗೈಯಲ್ಲಿ ವಾಪಸು ಬಂದೆ. ನಮ್ಮ ಲಿಫ್ಟ್ ರಿಪೇರಿ ಕೆಲಸದಲ್ಲಾದರೆ ಸುಲಭ. ಲಿಫ್ಟಿನ ಹಗ್ಗ ಎಂದರೆ ಅದು ಹೊರುವ ಭಾರದ ಹತ್ತು ಪಟ್ಟು ತಡೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಇಲ್ಲೂ ಗಟ್ಟಿಯಾದದ್ದನ್ನೇ ತಂದರೆ ಆಯಿತಲ್ಲ? ಆದರೂ ನಿನ್ನನ್ನು ಕೇಳದೆ ಬೇಡ ಎನಿಸಿತು.

ಹಳೆಯದನ್ನು ಹೊಟ್ಟೆಗೆ ಹಾಕಿಕೊಂಡು ಒಂದು ಸಾಲಾದರೂ ಬರಿ.

ನಿನ್ನ ತಮ್ಮ


ಏಪ್ರಿಲ್ 15

ಮೊಂಡನಿಗೆ,

ನಿನ್ನ ಪತ್ರ ಒಡೆಯದೆ ಬಿಸಾಡುವಷ್ಟು ಗಟ್ಟಿ ಮನಸ್ಸು ನನಗಿದ್ದಿದ್ದರೆ ನೀನು ಇಷ್ಟು ಕೆಟ್ಟುಹೋಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಿನ್ನ ಹೆಂಡತಿಯ ಪರ ಮಾತಾಡಿದೆ ಎಂದು ಮುಖ ಊದಿಸಿಕೊಂಡು ಹೋದೆ. ಈಗಲೂ ಅದೇ ಹೇಳುತ್ತೇನೆ, ಬೇಜಾರಾದರೆ ಆಗಲಿ. ಮನೆಯಲ್ಲಿ ಏನು ಕೆಟ್ಟರೂ ಕೆಡಿಸಿದವರು ಇನ್ನೊಬ್ಬರು ಎನ್ನುವವನ ಜೊತೆ ಬಾಳುವುದು ಕಷ್ಟ. ಅಷ್ಟು ಹೇಳಿದ್ದಕ್ಕೆ ನಾನು ವೈರಿಯಾದೆ. ಹೋಗಲಿ. ಮಗು ಪ್ರಶ್ನೆ ಕೇಳಿದಳು ಎಂದು ಓದಿದಾಗ ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ಕಣ್ಣು ಒರೆಸಿಕೊಂಡೆ. ಅವನು ತನ್ನ ಚೌಕಾಸಿಗೆ ನಾನು ಅತ್ತೆ ಎಂದುಕೊಂಡು ಕೇಳಿದಷ್ಟು ಕೊಟ್ಟು ಹೋದ.

ಈಗ ದಾರ. ಲಕೋಟೆಯಲ್ಲಿ ಮೂರು ತುಂಡು ಇಟ್ಟಿದ್ದೇನೆ, ಒಂದೊಂದನ್ನೂ ಎಳೆದು ನೋಡು.

ಬಿಳಿ ಕಾಗದಕ್ಕೆ ಸುತ್ತಿದ್ದು ಒಂಟಿ ಎಳೆಯ ನೈಲಾನ್. ಎರಡು ಕೈಯಲ್ಲಿ ಹಿಡಿದು ಎಳೆದರೆ ಸ್ವಲ್ಪ ಹಿಗ್ಗುತ್ತದೆ, ಗೊತ್ತಾಗುತ್ತದೆ. ಹೊಸಬರಿಗೆ ಬೇಕಾದದ್ದು ಅದೇ ಗುಣ. ಮೀನು ಕಚ್ಚಿದ ತಕ್ಷಣ ಹೊಸಬರು ಗಾಬರಿಯಾಗಿ ಜಗ್ಗುತ್ತಾರೆ. ಆಗ ಈ ದಾರ ಹಿಗ್ಗಿ ಅವರ ತಪ್ಪನ್ನು ತಾನು ನುಂಗಿಕೊಳ್ಳುತ್ತದೆ. ಗಂಟು ಬಿಗಿಯುವುದೂ ಸುಲಭ. ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ನೀಲಿ ಕಾಗದದ್ದು ನೀರಿನಲ್ಲಿ ಕಾಣದ ದಾರ. ತಿಳಿನೀರಿಗೂ ಚಾಲಾಕಿ ಮೀನಿಗೂ ಒಳ್ಳೆಯದು, ಆದರೆ ಬಿರುಸು, ಸುರುಳಿ ಬಿಟ್ಟುಕೊಂಡು ರೀಲಿನಿಂದ ಎಗರುತ್ತದೆ. ಕಲಿಯುವವರಿಗೆ ಬೇಡ.

ಕಪ್ಪು ಕಾಗದದ್ದು ಹೆಣೆದ ದಾರ. ನಿನ್ನ ಕಣ್ಣು ಅದರ ಮೇಲೆಯೇ ಬೀಳುತ್ತದೆ ಎಂದು ಬಲ್ಲೆ. ಕೂದಲಿನ ಹಾಗಿರುತ್ತದೆ, ಆಳು ಜೋತುಬಿದ್ದರೂ ಜಪ್ಪಯ್ಯ ಅನ್ನುವುದಿಲ್ಲ. ಒಂಚೂರೂ ಹಿಗ್ಗುವುದಿಲ್ಲ. ಅದನ್ನು ಕೈಗೆ ಸುತ್ತಿ ಎಳೆದರೆ ಚಾಕು. ನನ್ನ ಹೆಬ್ಬೆರಳ ಬುಡದ ಗೀಟು ನೀನು ನೋಡಿದ್ದೀಯ, ಬಾಗಿಲಿಗೆ ಸಿಕ್ಕಿತು ಎಂದು ನಿನಗೆ ಹೇಳಿದ್ದೆ, ಸಿಕ್ಕಿದ್ದು ಇದಕ್ಕೆ. ಕೆರೆಯ ತಳದಲ್ಲಿ ಬೇರು, ಬೊಡ್ಡೆ ಇದ್ದೇ ಇರುತ್ತವೆ, ಗಾಳ ಸಿಕ್ಕಿಕೊಂಡೇ ಸಿಕ್ಕಿಕೊಳ್ಳುತ್ತದೆ. ಆಗ ದಾರ ಹರಿಯಬೇಕು. ಒಂದು ಗಾಳ ಹೋಯಿತು ಎಂದು ಇನ್ನೊಂದು ಕಟ್ಟಿಕೊಳ್ಳಬೇಕು.

ಆದ್ದರಿಂದ ಬಿಳಿಯದು ತೆಗೆದುಕೋ. ಮೂರು ಕಿಲೋ ತಡೆಯುವಂಥದ್ದು ಸಾಕು. ಕಿಟಕಿಯಲ್ಲಿ ಬಿಸಿಲಿಗೆ ಇಟ್ಟ ಉಂಡೆ ಕೊಟ್ಟರೆ ಬೇಡ ಅನ್ನು, ಬಿಸಿಲಿಗೆ ನೈಲಾನ್ ಪುಡಿಯಾಗುತ್ತದೆ. ರೀಲಿನ ಅಂಚಿನವರೆಗೂ ತುಂಬಬೇಡ, ಸ್ವಲ್ಪ ಜಾಗ ಬಿಡು. ಲಿಫ್ಟನ್ನು ತಲೆಯಿಂದ ತೆಗೆದುಹಾಕು. ನೀನು ಮನೆಯನ್ನು ಮೇಲೆತ್ತಬೇಕಾಗಿಲ್ಲ, ಅಂಗೈ ಉದ್ದದ ಮೀನು ಹಿಡಿದರೆ ಸಾಕು.

ಮೀನು ಕಚ್ಚಿದ್ದು ಬೆಂಡಿನಿಂದ ಗೊತ್ತಾಗುತ್ತದೆ ಎಂದು ಹೇಳು. ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ತೇಲುತ್ತಿದ್ದು, ಪುಳಕ್ಕೆಂದು ಮುಳುಗುತ್ತದೆ. ನನ್ನ ವಿಳಾಸ ಬರೆದ ಒಂದು ಖಾಲಿ ಕಾರ್ಡನ್ನೂ ಇಟ್ಟಿದ್ದೇನೆ. ಮೀನು ಸಿಕ್ಕ ದಿನ ಕಡ್ಡಿಯೇ ನನಗೆ ಬರೆಯಲಿ. ನೀನು ಅದರಲ್ಲಿ ಮೂಗು ತೂರಿಸಬೇಡ.

ಅಕ್ಕ


ಮೇ 4

ಅಕ್ಕನಿಗೆ,

ಅವಳು ನಕ್ಕಳು! ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ಶನಿವಾರ ಕೆರೆಗೆ ಹೋದೆವು. ನನ್ನ ಗಂಟು ನೋಡಿ, “ಅಪ್ಪಾ, ಇದು ಗಂಟಲ್ಲ, ಮೂಟೆ” ಎಂದಳು. ಎರೆಹುಳು ಮುಟ್ಟಲು ನಾನು ಹಿಂದೆಮುಂದೆ ನೋಡಿದೆ, ಅವಳು ಪಟ್ಟಂತ ಎತ್ತಿ ಸಿಕ್ಕಿಸಿದಳು. ಶಾಲೆಯಲ್ಲಿ ಯಾರಿಗೆ ಯಾರ ಮೇಲೆ ಕೋಪ ಎಂಬುದೆಲ್ಲ ಈಗ ನನಗೆ ಬಾಯಿಪಾಠ. ಬೆಂಡು ಅಲುಗಿದಾಗ ನನ್ನ ತೋಳು ಹಿಡಿದುಕೊಳ್ಳುತ್ತಾಳೆ. ಮೀನು ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ಕತ್ತೆ ಬಾಲ. ಗೇಟಿನಲ್ಲಿ ಇಳಿಯುವಾಗ, “ಮುಂದಿನ ವಾರ ಬೇಗ ಬಾ, ಬೆಳಿಗ್ಗೆ ಜಾಸ್ತಿ ಕಚ್ಚುತ್ತಂತೆ” ಎಂದಳು. ಅವಳಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಇನ್ನೊಂದು ಹೇಳಬೇಕು, ನೀನು ಕೋಪ ಮಾಡಿಕೊಳ್ಳುತ್ತೀಯ. ನಿನ್ನ ಮೂರೂ ತುಂಡುಗಳನ್ನು ವರ್ಕ್‌ಷಾಪಿನಲ್ಲಿ ತೂಕದ ಕೊಕ್ಕೆಗೆ ಹಾಕಿ ಎಳೆದೆ. ಬಿಳಿಯದು ಟಪ್ಪೆಂದು ಹೋಯಿತು. ಕಪ್ಪಿನದು ಕೊಕ್ಕೆಯನ್ನೇ ಬಗ್ಗಿಸಿತು. ನನ್ನ ಜೊತೆ ಕೆಲಸ ಮಾಡುವವರೆಲ್ಲ ಸುತ್ತ ನಿಂತು ಶಿಳ್ಳೆ ಹಾಕಿದರು. ಅಕ್ಕ, ಜೀವಮಾನವೆಲ್ಲ ಹಗ್ಗ ಹರಿಯದ ಹಾಗೆ ನೋಡಿಕೊಂಡವನು ನಾನು. ಹರಿಯುವ ದಾರ ಎಂದು ಗೊತ್ತಿದ್ದೂ ಮಗಳ ಕೈಗೆ ಹೇಗೆ ಕೊಡಲಿ? ಮೊದಲ ಮೀನೇ ತಪ್ಪಿಸಿಕೊಂಡು ಹೋದರೆ? ಅವಳು ಮತ್ತೆ ಷೂ ನೋಡುತ್ತ ಕೂತರೆ? ಹೆಣೆದದ್ದನ್ನೇ ತಂದೆ. ಹುಷಾರಾಗಿದ್ದೇನೆ, ನೀನು ಚಿಂತೆ ಮಾಡಬೇಡ.

ನಿನ್ನ ತಮ್ಮ


ಮೇ 7

ಮೊಂಡ,

ಪತ್ರ ಈಗ ಬಂತು, ನಿಂತ ಕಾಲಲ್ಲೇ ಬರೆಯುತ್ತಿದ್ದೇನೆ, ತ್ವರಿತ ಅಂಚೆಯಲ್ಲಿ ಹಾಕುತ್ತೇನೆ. ಶನಿವಾರಕ್ಕೆ ಮುಂಚೆ ಆ ದಾರ ಬಿಚ್ಚಿ ಎಸೆ. ನನ್ನ ಮೇಲೆ ಕೋಪವಿದ್ದರೆ ಆಮೇಲೆ ತೀರಿಸಿಕೋ. ಲಿಫ್ಟಿನ ಹಗ್ಗ ಹರಿದರೆ ಜನ ಸಾಯುತ್ತಾರೆ, ಗಾಳದ ದಾರ ಹರಿದರೆ ಒಂದು ಮೀನು ಬದುಕುತ್ತದೆ, ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಯಾಕೆ ಇಡುತ್ತೀಯ?

ಎಸೆಯಲು ಮನಸ್ಸು ಬರದಿದ್ದರೆ ಇಷ್ಟಾದರೂ ಮಾಡು. ಗಾಳ ಸಿಕ್ಕಿಕೊಂಡರೆ ದಾರವನ್ನು ಕೈಗೆ ಸುತ್ತಬೇಡ. ಒಂದು ಕೋಲಿಗೆ ಸುತ್ತಿ ಎಳೆ, ಬರದಿದ್ದರೆ ಕತ್ತರಿಸು. ಮಗುವಂತೂ ದಾರ ಮುಟ್ಟಲೇಕೂಡದು.

ಅಕ್ಕ


ಮೇ 20

ಅಕ್ಕನಿಗೆ,

ಒಂದು ಸಣ್ಣ ಅವಘಡ ಆಯಿತು. ನೀನು ಗಾಬರಿಯಾಗಬೇಡ.

ಹೋದ ಶನಿವಾರದ ಹಿಂದಿನ ಶನಿವಾರ ಗಾಳ ಯಾವುದೋ ಬೇರಿಗೆ ಸಿಕ್ಕಿಕೊಂಡಿತು. ನಾನು ಚೀಲದಿಂದ ಬ್ರೆಡ್ ತೆಗೆಯುತ್ತಿದ್ದೆ. ಅಷ್ಟರಲ್ಲಿ ಕಡ್ಡಿ ತಾನೇ ದಾರವನ್ನು ಕೈಗೆ ಸುತ್ತಿಕೊಂಡು ಎಳೆದಿದ್ದಾಳೆ. ಬೆರಳುಗಳು ಕೊಯ್ದವು. ಹೊಲಿಗೆ ಹಾಕಿದ್ದಾರೆ. ಕಿರುಬೆರಳು ಈಗ ಪೂರ್ತಿ ಮಡಚುವುದಿಲ್ಲ, ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಅವಳಮ್ಮ ಆಸ್ಪತ್ರೆಗೆ ಬಂದವಳು ನನ್ನನ್ನು ತಿಂದುಹಾಕುವ ಹಾಗೆ ನೋಡಿದಳು. ಸಮಾಲೋಚಕಿಯ ಮುಂದೆ ವಿಷಯ ಇತ್ಯರ್ಥವಾಗುವ ತನಕ ಶನಿವಾರ ಬಂದ್. ಮಗುವೇ ಮಾಡಿಕೊಂಡದ್ದು, ಮಗುವೂ ಹಾಗೇ ಹೇಳಿದೆ, ಆದ್ದರಿಂದ ಹೆದರಬೇಕಿಲ್ಲ ಎಂದು ನನ್ನ ವಕೀಲರು ಹೇಳುತ್ತಾರೆ.

ನಿನ್ನ ಪತ್ರ ಶುಕ್ರವಾರವೇ ಸಿಕ್ಕಿತ್ತು. ಇದೊಂದು ಶನಿವಾರ ಆಗಲಿ, ಆಮೇಲೆ ಬದಲಾಯಿಸೋಣ ಎಂದುಕೊಂಡೆ.

ನಿನ್ನ ತಮ್ಮ


ಮೇ 24

ಅತ್ತೆಗೆ ನಮಸ್ಕಾರಗಳು.

ನೀವು ಕಳಿಸಿದ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಮೀನು ಸಿಕ್ಕಲಿಲ್ಲ, ಆದರೂ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ನಗಬೇಡಿ. ಬಲಗೈಗೆ ಪಟ್ಟಿ ಕಟ್ಟಿದ್ದಾರೆ, ಅದಕ್ಕೆ ಎಡಗೈಯಲ್ಲಿ ಬರೆದಿದ್ದು. ಎಡಗೈಯಲ್ಲಿ ನನಗೆ ಏನೂ ಬರುವುದಿಲ್ಲ. ಊಟ ಕೂಡ ಅಮ್ಮನೇ ಮಾಡಿಸುತ್ತಾಳೆ.

ದಾರವನ್ನು ನಾನೇ ಸುತ್ತಿಕೊಂಡೆ. ಆಗ ಅಪ್ಪ ಚೀಲದಿಂದ ಬ್ರೆಡ್ ತೆಗೆಯುತ್ತಿದ್ದರು. ನೀವು ಅಪ್ಪನಿಗೆ ಬೈದು ಪತ್ರ ಬರೆಯಬೇಡಿ. ನಿಮ್ಮ ಪತ್ರ ಬಂದರೆ ಅವರು ಎರಡೆರಡು ಸಲ ಓದುತ್ತಾರೆ, ನಾನು ನೋಡಿದ್ದೇನೆ.

ಇನ್ನು ಶನಿವಾರ ಇಲ್ಲವಂತೆ. ನನ್ನನ್ನು ಯಾರೂ ಕೇಳಲಿಲ್ಲ.

ಇಂತಿ,
ಕಡ್ಡಿ


ಮೇ 29

ತಮ್ಮನಿಗೆ,

ನಿನ್ನ ಪತ್ರವನ್ನೂ ಮಗುವಿನ ಕಾರ್ಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಅಂಗಡಿಯ ಬಾಗಿಲು ಅರ್ಧ ಎಳೆದಿದ್ದೇನೆ. ಇವತ್ತು ಯಾರ ಮುಖ ನೋಡಿದರೂ ಸಿಡುಕುತ್ತೇನೆ, ಗಿರಾಕಿಗಳೇನು ಪಾಪ ಮಾಡಿದ್ದಾರೆ?

ನಿನ್ನ ಕೈಗೆ ಈಗ ಒಂದು ದಾರ ಸುತ್ತಿಕೋ. ನಿಜವಾಗಿ ಸುತ್ತಿಕೋ, ಓದುತ್ತ ಕೂರಬೇಡ. ಸುತ್ತುವ ಕೆಲಸ ಮಾಡಿದ್ದು ಬಲಗೈ, ಸುತ್ತಿಸಿಕೊಂಡದ್ದು ಎಡಗೈ. ಬಲಗೈಯವರು ಯಾರೇ ಆಗಲಿ ಹಾಗೆಯೇ ಮಾಡುತ್ತಾರೆ. ಎಡಗೈಯಲ್ಲಿ ತುತ್ತು ಎತ್ತಲಾರದ ಹುಡುಗಿ ಎಡಗೈಯಿಂದ ತನ್ನ ಬಲಗೈಗೆ ದಾರ ಸುತ್ತಿಕೊಂಡಳೇ? ಇನ್ನೊಂದು. ಹನ್ನೊಂದು ವರ್ಷದ ಮಗು ತನ್ನ ಬಲದಲ್ಲಿ ಎಳೆದರೆ ಚರ್ಮ ಗೀರುತ್ತದೆ, ನೋವಾದ ತಕ್ಷಣ ಬಿಡುತ್ತಾಳೆ. ಬೆರಳು ಮಡಚದಷ್ಟು ಆಳ ಕೊಯ್ಯಬೇಕಾದರೆ ದೊಡ್ಡವರ ಬಲ ಬೇಕು. ನಿನ್ನ ಪತ್ರದಲ್ಲೂ ಬ್ರೆಡ್ಡು, ಅವಳ ಕಾರ್ಡಿನಲ್ಲೂ ಬ್ರೆಡ್ಡು. ಒಂದೇ ಪಾಠವನ್ನು ಇಬ್ಬರೂ ಒಪ್ಪಿಸಿದ್ದೀರಿ.

ನೀನೇ ಸುತ್ತಿದೆ. ನೀನೇ ಎಳೆದೆ. ಆಮೇಲೆ ಅದನ್ನು ಮಗುವಿನ ತಲೆಗೆ ಕಟ್ಟಿದೆ.

ಕೈ ಕೊಯ್ದದ್ದಕ್ಕೆ ನನಗೆ ಅಷ್ಟು ಕೋಪವಿಲ್ಲ. ಗೊತ್ತಿಲ್ಲದವನು, ಗಡಿಬಿಡಿಯಲ್ಲಿ ಆಗಿಹೋಯಿತು. ಸುಳ್ಳನ್ನು ಮಾತ್ರ ನನ್ನಿಂದ ನುಂಗಲು ಆಗುತ್ತಿಲ್ಲ. ಚಿಕ್ಕಂದಿನಲ್ಲಿ ಹಾಲು ಚೆಲ್ಲಿದರೆ ಬೆಕ್ಕು ಎನ್ನುತ್ತಿದ್ದೆ, ನಾನು ನಕ್ಕು ಒರೆಸುತ್ತಿದ್ದೆ. ಅವಳಿಗೆ ನಿನ್ನ ಮೇಲಿರುವ ಪ್ರೀತಿಯನ್ನೇ ಹಿಡಿದು ಅವಳ ಬಾಯಿಗೆ ಬೀಗ ಹಾಕಿದೆಯಲ್ಲೋ! ಕಡ್ಡಿ ನಿನಗೆ ಬೆಕ್ಕಾದಳೇ?

ನಾನು ಅವಳಮ್ಮನಿಗೆ ಬರೆಯುವುದಿಲ್ಲ. ಬರೆದರೆ ಇನ್ನೊಂದು ಸಲ ನಿನ್ನ ಕೆಲಸ ನಾನು ಮಾಡಿದ ಹಾಗೆ. ನೀನು ಹೇಳು. ಆಗಸ್ಟಿನವರೆಗೂ ಕಾಯಬೇಡ.

ಅಕ್ಕ


ಜೂನ್ 6

ಅಕ್ಕನಿಗೆ,

ಹೌದು. ನಾನೇ.

ಗಾಳ ಸಿಕ್ಕಿಕೊಂಡಿತು. ನಾವು ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಯಿಂದ ಸಾಮಾನು ಮೇಲೆಳೆಯುವಾಗ ಹಗ್ಗವನ್ನು ಅಂಗೈಗೆ ಎರಡು ಸುತ್ತು ಹಾಕಿಯೇ ಹಿಡಿಯುವುದು, ಜಾರಬಾರದು ಎಂದು. ನಮ್ಮ ಕೈಗೆ ಗ್ಲೌಸ್ ಇರುತ್ತದೆ. ಆ ಅಭ್ಯಾಸದಲ್ಲಿ ಅವಳ ಕೈಗೆ ಎರಡು ಸುತ್ತು ಹಾಕಿದೆ. “ನಿನ್ನ ಗಾಳ, ನೀನೇ ಬಿಡಿಸು ನೋಡೋಣ” ಎಂದೆ. ಬರಲಿಲ್ಲ. ಹಿಂದಿನಿಂದ ಅವಳ ಮಣಿಕಟ್ಟು ಹಿಡಿದು ನಾನೂ ಎಳೆದೆ. ಅವಳು ‘ಅಪ್ಪಾ ಅಪ್ಪಾ’ ಎಂದಳು. ಖುಷಿಗೆ ಕೂಗುತ್ತಿದ್ದಾಳೆ ಎಂದುಕೊಂಡೆ. ದಾರ ಹರಿಯಲಿಲ್ಲ ಅಕ್ಕ.

ಆಸ್ಪತ್ರೆಯಲ್ಲಿ ಅವಳಮ್ಮ ಓಡಿ ಬಂದು “ಏನ್ ಮಾಡಿದ್ರಿ?” ಎಂದಾಗ ನನ್ನ ಬಾಯಿಂದ ಬ್ರೆಡ್ಡಿನ ಕಥೆ ತಾನಾಗಿ ಬಂತು. ನಾನು ಕಡ್ಡಿಗೆ ಹೀಗೆ ಹೇಳು ಎಂದು ಹೇಳಿಕೊಡಲಿಲ್ಲ, ಆಣೆಗೂ ಇಲ್ಲ. ಅವಳು ನನ್ನ ಮುಖ ನೋಡಿದಳು, ತಲೆ ಆಡಿಸಿದಳು.

ಈಗ ಹೇಳಿದರೆ ಏನಾಗುತ್ತದೆ ಗೊತ್ತಾ? ವಕೀಲರನ್ನು ಬೇರೆ ಯಾರದೋ ಕಥೆ ಎಂಬಂತೆ ಕೇಳಿದೆ. ಗಾಯ ಮಾಡಿದ್ದೂ ಅಲ್ಲದೆ ಮಗುವಿನ ಕೈಯಲ್ಲಿ ಸುಳ್ಳು ಹೇಳಿಸಿದವನಿಗೆ ಯಾರೂ ಮಗು ಕೊಡುವುದಿಲ್ಲ ಎಂದರು. ನನಗೆ ವಾರದಲ್ಲಿ ಇರುವುದು ಒಂದೇ ದಿನ. ಉಳಿದ ಆರು ದಿನ ಬೇರೆಯವರ ಮನೆಗಳ ಲಿಫ್ಟಿನ ಮೇಲೆ ಕತ್ತಲಲ್ಲಿ ನಿಂತಿರುತ್ತೇನೆ. ಆ ಒಂದು ದಿನವನ್ನೂ ನನ್ನ ಕೈಯಾರೆ ಕೊಟ್ಟುಬಿಡು ಎನ್ನುತ್ತೀಯಾ?

ನಿನಗೆ ಹೇಳುವುದು ಸುಲಭ. ನಿನಗೆ ಮಕ್ಕಳಿದ್ದಿದ್ದರೆ ಗೊತ್ತಾಗುತ್ತಿತ್ತು.

ತಮ್ಮ


ಜುಲೈ 2

ಅಕ್ಕನಿಗೆ,

ನೀನು ಉತ್ತರ ಬರೆದಿಲ್ಲ. ಕೊನೆಯ ಸಾಲು ಬರೆಯಬಾರದಿತ್ತು. ನನ್ನನ್ನು ಶಾಲೆಗೆ ಕಳಿಸಲು ನೀನು ಶಾಲೆ ಬಿಟ್ಟವಳು. ನಾನು ನಿನಗೆ ಮಗನಲ್ಲದೆ ಇನ್ನೇನು? ಬರೆದಾಗಲೇ ಗೊತ್ತಿತ್ತು, ಆದರೂ ಅಂಚೆ ಡಬ್ಬಿಗೆ ಹಾಕಿದೆ.

ಬೈದಾದರೂ ಬರಿ.

ತಮ್ಮ


ಆಗಸ್ಟ್ 10

ಅಕ್ಕನಿಗೆ,

ನೀನು ಓದುತ್ತಿದ್ದೀಯೋ ಇಲ್ಲವೋ ಗೊತ್ತಿಲ್ಲ. ಬರೆಯುತ್ತೇನೆ.

ನಿನ್ನೆ ಸಮಾಲೋಚಕಿಯ ಕೋಣೆಗೆ ಹೋದೆವು. ಸಣ್ಣ ಕೋಣೆ, ಗೋಡೆಗೆ ತಿಳಿ ಹಸಿರು ಬಣ್ಣ, ಮಕ್ಕಳು ಕೂರುವ ಗಿಡ್ಡ ಕುರ್ಚಿಗಳು. ಅವಳಮ್ಮ ಒಂದು ಕಡೆ, ನಾನೂ ನನ್ನ ವಕೀಲರೂ ಒಂದು ಕಡೆ. ನಾನು ಹೇಳುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ನಿನ್ನ ಪತ್ರ ಜೇಬಿನಲ್ಲಿತ್ತು, ಆದರೂ ಹೇಳುವುದಿಲ್ಲ ಎಂದೇ ಇದ್ದೆ.

ಮೊದಲು ಕಡ್ಡಿಯನ್ನು ಕೇಳಿದರು. ಅವಳು ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಹೇಳಿದಳು. “ನಾನೇ ಸುತ್ಕೊಂಡೆ. ಅಪ್ಪ ಚೀಲದಿಂದ ಬ್ರೆಡ್ ತೆಗೀತಾ ಇದ್ರು.” ನನ್ನದೇ ಮಾತುಗಳು, ಒಂದಕ್ಷರ ಆಚೀಚೆ ಇಲ್ಲ. ಅಷ್ಟಕ್ಕೆ ಸಾಕಾಗಿತ್ತು. ಆದರೆ ಅವಳು ನನ್ನ ಕಡೆ ಒಂದು ಸಲ ನೋಡಿ, ತಾನಾಗಿ ಇನ್ನೊಂದನ್ನು ಸೇರಿಸಿದಳು. “ಅಪ್ಪ ಬೇಡ ಬೇಡ ಅಂತಾನೇ ಹೇಳಿದ್ರು. ನಾನೇ ಮಾತು ಕೇಳ್ಲಿಲ್ಲ. ನಾನು ಯಾವಾಗ್ಲೂ ಮಾತು ಕೇಳಲ್ಲ.”

ಅಕ್ಕ, ಅವಳ ದನಿ ಒಂಚೂರೂ ನಡುಗಲಿಲ್ಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಸಮಾಲೋಚಕಿ ಬರೆದುಕೊಳ್ಳಲು ತಲೆ ತಗ್ಗಿಸಿದರು. ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಶನಿವಾರ ನನ್ನದಾಗುತ್ತಿತ್ತು. ನನ್ನ ಮಗಳು ತನ್ನನ್ನು ತಾನೇ ಕೆಟ್ಟವಳು ಎಂದು ಬರೆಸಿಕೊಂಡು ಅದನ್ನು ನನಗೆ ಕೊಡಿಸುತ್ತಿದ್ದಳು. ಕುರ್ಚಿಯಿಂದ ಎದ್ದುನಿಂತೆ. “ಬರೀಬೇಡಿ ಮೇಡಂ” ಎಂದೆ. “ಸುಳ್ಳು. ಅವಳು ಮಾತು ಕೇಳಿದಳು. ಕೇಳಿದ್ದಕ್ಕೇ ಹೀಗಾದದ್ದು.”

ಎಲ್ಲ ಹೇಳಿದೆ. ಎರಡು ಸುತ್ತು, ಮಣಿಕಟ್ಟು, ಅವಳು ಕೂಗಿದ್ದು, ಬ್ರೆಡ್ಡು, ನಿನ್ನ ಪತ್ರ ಶುಕ್ರವಾರ ಬಂದಿದ್ದು. ನನ್ನ ವಕೀಲರು ಕೂತಲ್ಲೇ ಕಣ್ಣು ಮುಚ್ಚಿಕೊಂಡರು. ಅವಳಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕಡ್ಡಿಯ ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಅತ್ತಳು. ಮೂರು ತಿಂಗಳು ಅವಳು ಈ ಮಗುವಿಗೆ “ನಿನಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ” ಎಂದು ಬೈದಿದ್ದಳಂತೆ.

ಕಡ್ಡಿ ನನ್ನನ್ನು ನೋಡಲಿಲ್ಲ. ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಹೋಗುವಾಗಲೂ ನೋಡಲಿಲ್ಲ.

ಇಡೀ ದಿನದ ಶನಿವಾರ ಹೋಯಿತು, ಸಮಾಲೋಚಕಿಯ ವರದಿ ನೋಡಿ ನ್ಯಾಯಾಲಯ ಸಂಜೆಯೇ ಹೇಳಿತು. ಆರು ತಿಂಗಳು ಅದೇ ಹಸಿರು ಕೋಣೆಯಲ್ಲಿ, ಪ್ರತಿ ಶನಿವಾರ ಒಂದೇ ಗಂಟೆ, ಅಲ್ಲಿನ ಒಬ್ಬ ಸಿಬ್ಬಂದಿ ಮೂಲೆಯಲ್ಲಿ ಕೂತಿರುತ್ತಾರೆ. ಅದೂ ಮಗುವಿಗೆ ಇಷ್ಟವಿದ್ದರೆ ಮಾತ್ರ. ಬೇಡ ಅಂದರೆ ಅದೂ ಇಲ್ಲ.

ತಮ್ಮ


ಆಗಸ್ಟ್ 16

ತಮ್ಮನಿಗೆ,

ಎಲ್ಲ ಪತ್ರವನ್ನೂ ಓದಿದ್ದೇನೆ. ಜೂನಿನದನ್ನು ಒಂದು ಸಲ ಮಾತ್ರ ಓದಿದೆ, ಇನ್ನೊಂದು ಸಲ ಓದಲು ಆಗಲಿಲ್ಲ. ನೋವಾಯಿತು ಕಣೋ. ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿಗೆ, ಆಮೇಲಾಮೇಲೆ ಭಯಕ್ಕೆ. ನಾನು ಇನ್ನೊಂದು ಮಾತು ಜಾಸ್ತಿ ಹೇಳಿದರೆ ನೀನು ಹಟಕ್ಕೆ ಬಿದ್ದು ಹೇಳದೇ ಇದ್ದುಬಿಡುತ್ತೀಯೇನೋ ಎಂದು ಬಾಯಿ ಕಟ್ಟಿಕೊಂಡು ಕೂತೆ. ಬೆಳಿಗ್ಗೆ ಸಂಜೆ ಅಂಚೆಯವನ ಸೈಕಲ್ ನೋಡಿ ನೋಡಿ ಕತ್ತು ಉಳುಕಿದೆ.

ನೀನು ಮಾಡಿದ್ದು ಸರಿ ಎಂದು ಬೆನ್ನು ತಟ್ಟುವುದಿಲ್ಲ, ತಡವಾಗಿ ಮಾಡಿದೆ. ಆದರೆ ಮಾಡಿದೆ.

ಆ ಒಂದು ಗಂಟೆಗೆ ತಪ್ಪದೆ ಹೋಗು. ಚಾಕಲೇಟು, ಗೊಂಬೆ, ಅದು ಇದು ಹಿಡಿದುಕೊಂಡು ಹೋಗಬೇಡ. ಕ್ಷಮಿಸು ಕ್ಷಮಿಸು ಎಂದು ಗೋಗರೆದು ಅವಳ ಜೀವ ತಿನ್ನಬೇಡ; ಒಂದು ಸಲ ಹೇಳು, ಸಾಕು. ಮಾತಾಡದಿದ್ದರೆ ಸುಮ್ಮನೆ ಕೂತು ಬಾ. ಬೇಡ ಎಂದು ಹೇಳಿ ಕಳಿಸಿದರೂ ಮುಂದಿನ ವಾರ ಮತ್ತೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿರು. ನಿನಗೆ ಕಷ್ಟ ಎಂದು ಗೊತ್ತು, ಒಂದು ಗಂಟೆ ತೆಪ್ಪಗೆ ಕೂತವನೇ ಅಲ್ಲ ನೀನು.

ಅಕ್ಕ


ಸೆಪ್ಟೆಂಬರ್ 14

ಅಕ್ಕನಿಗೆ,

ಮೊದಲನೇ ವಾರ ಅವಳು ಬರಲೇ ಇಲ್ಲ. ನೀನು ಹೇಳಿದ ಹಾಗೆ ಬೆಂಚಿನ ಮೇಲೆ ಕೂತು ಬಂದೆ. ಎರಡನೇ ವಾರವೂ ಬರಲಿಲ್ಲ. ಮೂರನೇ ವಾರ ಬಂದಳು. ನಾನು ಒಂದು ಸಲ ಕ್ಷಮೆ ಕೇಳಿದೆ. ಅವಳು ಗಿಡ್ಡ ಕುರ್ಚಿಯಲ್ಲಿ ಕೂತು ಕಿಟಕಿ ನೋಡಿದಳು. ಕಿರುಬೆರಳನ್ನು ಮಡಚುವುದು, ಬಿಡುವುದು, ಮಡಚುವುದು, ಬಿಡುವುದು. ನನ್ನ ಕಡೆ ತಿರುಗಲಿಲ್ಲ. ಮನೆಗೆ ಬಂದು ನಿನಗೆ ಬರೆಯಲು ಕೂತೆ, ಕೈಯೇ ಓಡಲಿಲ್ಲ. ಮುಗಿಯಿತು ಎಂದುಕೊಂಡೆ.

ಇವತ್ತು ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಎದುರು ಬಂದು ನಿಂತು, “ನೀನು ನನ್ನ ಮೇಲೆ ಯಾಕೆ ಹಾಕ್ದೆ?” ಎಂದಳು.

ನಾನು, “ಹೆದರಿದೆ” ಎಂದೆ. ಬೇರೆ ಏನು ಹೇಳಲಿ?

“ನಾನು ಹೆದರ್ಲಿಲ್ವಾ? ರಕ್ತ ಬಂದಿದ್ದು ನಂಗೆ!” ಎಂದಳು. ಅಲ್ಲಿಂದ ಶುರು. ಅಮ್ಮ ಮೂರು ತಿಂಗಳು ಬೈದದ್ದು, ಶಾಲೆಯಲ್ಲಿ ಎಲ್ಲರೂ ಪೆದ್ದಿ ಎಂದದ್ದು, ಪರೀಕ್ಷೆ ಬರೆಯಲಾಗದೆ ಇನ್ನೊಬ್ಬಳ ಕೈಯಲ್ಲಿ ಬರೆಸಿದ್ದು, ಅವಳು ತಪ್ಪುತಪ್ಪಾಗಿ ಬರೆದದ್ದು. ಎಂದೋ ಅವಳ ಹುಟ್ಟುಹಬ್ಬಕ್ಕೆ ನಾನು ಬರದೆ ಟ್ರಾಫಿಕ್ಕಿನ ಮೇಲೆ ಹಾಕಿದ್ದು. ಅವಳಮ್ಮನ ಪಿಂಗಾಣಿ ಬಟ್ಟಲು ಒಡೆದು ಕೆಲಸದವರ ಮೇಲೆ ಹಾಕಿದ್ದು, ಅದೂ ಅವಳಿಗೆ ಗೊತ್ತಿತ್ತು. “ನೀನು ಯಾವಾಗ್ಲೂ ಹಿಂಗೇ!” ಎಂದು ಕಾಲು ನೆಲಕ್ಕೆ ಅಪ್ಪಳಿಸಿದಳು. ಮೂಲೆಯಲ್ಲಿದ್ದವರು ಗಾಬರಿಯಾಗಿ ಎದ್ದು ಬಂದರು. ನಾನು ಕೈ ಅಡ್ಡ ಹಿಡಿದು, “ಬೇಡಿ, ಮಾತಾಡ್ಲಿ” ಎಂದೆ. ನನ್ನ ನಾಲಿಗೆಯ ತುದಿಗೆ ಸಬೂಬು ಬಂದು ಬಂದು ಹೋಗುತ್ತಿತ್ತು ಅಕ್ಕ, ಒಂದೊಂದನ್ನೂ ನುಂಗಿದೆ. ಹೌದು ಎಂದೆ, ಹೌದು ಎಂದೆ, ಅಷ್ಟೇ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಬೈದಳು. ಗಂಟೆ ಆದದ್ದೇ ಗೊತ್ತಾಗಲಿಲ್ಲ.

ಸಮಯ ಆಯಿತು ಎಂದು ಅವರು ಬಾಗಿಲು ತೆರೆದರು. ಅವಳಮ್ಮ ಹೊರಗೆ ಕಾಯುತ್ತಿದ್ದಳು. ಕಡ್ಡಿ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲವರೆಗೂ ಹೋದವಳು ತಿರುಗಿ ನನಗೆ ಬೆರಳು ತೋರಿಸಿ ಹೇಳಿದಳು.

“ಇನ್ನೂ ಮುಗಿದಿಲ್ಲ. ಮುಂದಿನ ಶನಿವಾರ ಬಾ, ಇನ್ನೂ ತುಂಬಾ ಬೈಯೋದಿದೆ.”

ನಿನ್ನ ತಮ್ಮ